ಎಂಬತ್ತೇಳನೆಯ ದೀಪ

ಮನುಷ್ಯನ ನಡಿಗೆಯನ್ನು ಎತ್ತಿ ಪೆಟ್ಟಿಗೆಯಲ್ಲಿಡಬಹುದು ಎಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ದುರಗವ್ವ, "ಹೌದೌದು, ನಿದ್ದೀನೂ ಡಬ್ಬ್ಯಾಗ ತುಂಬಿ ಇಡ್ರಿ" ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ಈಗ ಅಂಥ ಪೆಟ್ಟಿಗೆಯನ್ನು ಕಾಯುವುದೇ ಅವಳ ಕೆಲಸ. ಇಳಕಲ್ಲಿನ ನಡಿಗೆ ಕೇಂದ್ರದ ತಂಪು ಕೋಣೆಯಲ್ಲಿದ್ದ ಸರ್ವರಿನೊಳಗೆ ಇನ್ನೂರ ಹದಿನಾಲ್ಕು ಜನರ ನಡಿಗೆ ಇತ್ತು. ಅದರಲ್ಲಿ ಎಂಬತ್ತೇಳನೆಯದು ಅವಳ ಗಂಡ ಯಮನಪ್ಪನದು.

ಕಲ್ಲಿನ ಗಣಿಗಳ ಊರು ನೋಡಿ, ಬೆನ್ನು ಮುರಿದವರಿಗೆ ಅಲ್ಲಿ ಬರಗಾಲವಿಲ್ಲ. ಬೆನ್ನುಹುರಿ ಕಡಿದವನ ತಲೆಯಲ್ಲಿ ನಡೆಯುವ ಮನಸ್ಸಾಗುತ್ತದೆ, ಆದರೆ ಆ ಸುದ್ದಿ ಕಾಲಿಗೆ ಮುಟ್ಟುವುದಿಲ್ಲ. ಅದನ್ನು ಬೆನ್ನೊಳಗೆ ಕೂರಿಸಿದ ತಂತಿಯೊಂದು ಹಿಡಿದು ಸೊಂಟದ ಬೆಲ್ಟಿಗೆ ಕೊಡುತ್ತದೆ. ಬೆಲ್ಟು ಗಾಳಿಯ ಮೇಲೆ ಸರ್ವರಿಗೆ ಕಳಿಸುತ್ತದೆ. ಸರ್ವರು ಇದು ಇಂಥವನ ಹೆಜ್ಜೆ ಎಂದು ಗುರುತು ಹಿಡಿದು ಕಾಲಿನ ಸ್ನಾಯುಗಳಿಗೆ ಹುಕುಂ ಕೊಡುತ್ತದೆ. ಇಷ್ಟೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿರುತ್ತದೆ. ಒಬ್ಬರ ನಡಿಗೆ ಇನ್ನೊಬ್ಬರಿಗೆ ಬರುವುದಿಲ್ಲ. ಯಂತ್ರ ಒಬ್ಬೊಬ್ಬರ ಜೊತೆಗೂ ವರ್ಷಗಟ್ಟಲೆ ಬೀಳುತ್ತ ಏಳುತ್ತ ಅವರವರದನ್ನು ಕಲಿತಿರುತ್ತದೆ. ಯಮನಪ್ಪ ಮೊದಲಿನಿಂದಲೂ ಎಡಭುಜ ಇಳಿಬಿಟ್ಟು, ಬಲಗಾಲನ್ನು ಸರ್ರೆಂದು ಎಳೆದು ನಡೆಯುವವನು. ಆ ಸರ್ರೆನ್ನುವ ಸದ್ದನ್ನೂ ಯಂತ್ರ ಬಿಡದೆ ಕಲಿತಿತ್ತು.

ಸರ್ವರಿನ ಹುಕುಂ ಬರುವುದು ನಿಂತರೆ ಬೆಲ್ಟು ಕೂಗುತ್ತದೆ. ಆಮೇಲೆ ಅದರ ಹೊಟ್ಟೆಯಲ್ಲಿ ನೂರು ಹೆಜ್ಜೆ ಮಾತ್ರ ಇರುತ್ತವೆ. ಅಷ್ಟರೊಳಗೆ ಕೂಡಲು ಜಾಗ ಹುಡುಕಿಕೊಳ್ಳಬೇಕು. ಇದು ಗೊತ್ತಾದ ಮೇಲೆ ಊರಿನವರೇ ಮುಂದೆ ಬಂದು ಪ್ರತಿ ಬೀದಿಯಲ್ಲೂ ತೊಂಬತ್ತು ಹೆಜ್ಜೆಗೊಂದು ಕೆಂಪುಕಲ್ಲಿನ ಆಸನ ಹಾಕಿಸಿದರು. ಅವಕ್ಕೆ 'ನೂರರ ಕಟ್ಟೆ' ಎಂದೇ ಹೆಸರಾಯಿತು. ಕಾಲು ಗಟ್ಟಿ ಇದ್ದವರೂ ಅಲ್ಲಿ ಕೂತು ಹರಟೆ ಹೊಡೆಯುತ್ತಿದ್ದರು, ಬೆಲ್ಟಿನವರು ಕಂಡರೆ ಮಾತ್ರ ಎದ್ದು ಜಾಗ ಬಿಡುತ್ತಿದ್ದರು.

ದುರಗವ್ವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಬಾಗಲಕೋಟೆಯ ಎಂಜಿನಿಯರ್ ತಸ್ಲೀಮಾ ಅವಳಿಗೆ ಮೂರೇ ದಿನದಲ್ಲಿ ದೀಪಗಳ ಭಾಷೆ ಕಲಿಸಿದ್ದಳು.

"ನೋಡು ದುರಗಕ್ಕಾ, ಹಸಿರು ಗಟ್ಟಿ ನಿಂತಿದ್ರ ಯಂತ್ರ ದುಡ್ಯಾಕತ್ತೇತಿ, ನೀ ಚಾ ಕುಡಿ. ಹಸಿರು ಸಾವಕಾಶ ಮಿಟುಕಿದ್ರ ಮಲಗೇತಿ, ಒಮ್ಮೆ ಗುಂಡಿ ಒತ್ತಿದ್ರ ಏಳ್ತೈತಿ. ಹಸಿರು ಪಟಪಟ ಮಿಟುಕಿದ್ರ ಗಂಟು ಕಟ್ಟಾಕತ್ತೇತಿ ಅಂತ ತಿಳಿ, ಕೈ ಹಚ್ಚಬ್ಯಾಡ. ಕಿತ್ತಳಿ ಬಣ್ಣ ಹತ್ತಿದ್ರ ಏನೋ ಕೆಟ್ಟೈತಿ, ನನಗ ಫೋನ್ ಹಚ್ಚು. ನೀಲಿ ಹತ್ತಿದ್ರ ಅಂಜಬ್ಯಾಡ, ಅದು ನಾನ ಬಾಗಲಕೋಟಿಯಿಂದ ಹಚ್ಚಿದ್ದು, ಇಲ್ಲಿರೂ ಎರಡು ಯಂತ್ರದಾಗ ಯಾವುದು ಅಂತ ನಿನಗ ತೋರ್ಸಾಕ."

"ಈ ಗುಂಡಿ?"

"ಅದರ ಹತ್ರ ಮಾತ್ರ ಹುಷಾರು. ಒಮ್ಮೆ ಒತ್ತಿ ಬಿಟ್ರ ತನ್ನ ಸಾಮಾನೆಲ್ಲ ಗಂಟು ಕಟ್ಟಿಟ್ಟು ಮಲಗ್ತೈತಿ. ಒತ್ತಿ ಹಿಡಿದು ನಾಕು ಎಣಿಸಿದ್ರ ಗಂಟೂ ಇಲ್ಲ ಏನಿಲ್ಲ, ನಿಂತಲ್ಲೇ ಪ್ರಾಣ ಬಿಡ್ತೈತಿ. ಮೊದಲನೇ ಕೇಂದ್ರದಾಗ ಒಬ್ಬಾವ ಹಂಗ ಹಿಡಿದುಬಿಟ್ಟ. ಮೂವತ್ತೊಂದು ಮಂದಿ ಮತ್ತ ಮೊದಲನೇ ಹೆಜ್ಜಿಯಿಂದ ಕಲೀಬೇಕಾತು. ಒಂಬತ್ತು ಮಂದಿಗೆ ಬರ್ಲೇ ಇಲ್ಲ. ಐವತ್ತು ದಾಟಿದವರ ನರ ಎರಡನೇ ಸಲ ಮಾತು ಕೇಳೂದಿಲ್ಲಕ್ಕಾ."

ಯಮನಪ್ಪನಿಗೆ ಐವತ್ತೆರಡು. ದುರಗವ್ವ ಆ ಲೆಕ್ಕವನ್ನು ಆಗಲೇ ಮನಸ್ಸಿನಲ್ಲಿ ಹಾಕಿಕೊಂಡಳು. ಅಂದಿನಿಂದ ಆ ಗುಂಡಿಯ ಮೇಲಿನ ಧೂಳನ್ನೂ ಅವಳು ಬಾಯಿಂದ ಊದಿ ತೆಗೆಯುತ್ತಿದ್ದಳೇ ಹೊರತು ಬಟ್ಟೆ ಹಚ್ಚುತ್ತಿರಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ದುರಗವ್ವ ಕರಿಗಡಬು ಕರಿದು ಗಂಡನ ತಾಟಿಗೆ ನಾಲ್ಕು ಹಾಕಿ ಕೊಟ್ಟಳು. ಯಮನಪ್ಪ ಸ್ಟೂಲಿನ ಮೇಲೆ ಕೂತು ತಾಟನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಎಂದಿನಂತೆ ಕೆಳಗೆ ಕೂತಳು. ಈ ಸ್ಟೂಲಿಗೊಂದು ಕಥೆ ಇದೆ. ಆರು ವರ್ಷದ ಹಿಂದೆ ಗಣಿಯಲ್ಲಿ ಕ್ರೇನಿನ ಹಗ್ಗ ಹರಿದು ಕಲ್ಲು ಉರುಳಿದ ಮೇಲೆ ಯಮನಪ್ಪ ಎರಡು ವರ್ಷ ನೆಲದ ಮೇಲೇ ಬದುಕಿದ್ದ. ಚಾಪೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಚಾಪೆಗೆ, ಎರಡು ಕೈಯೂರಿ ತೆವಳಿಕೊಂಡು. ಬೆಲ್ಟು ಬಂದು ಎದ್ದು ನಿಂತ ದಿನ, "ಇನ್ನ ಸಾಯೂತನಾ ನೆಲಕ್ಕ ಕುಂದ್ರೂದಿಲ್ಲ" ಎಂದು ಆಣೆ ಮಾಡಿದ. ಮದುವೆಯ ಪಂಕ್ತಿಯಲ್ಲೂ ಅವನಿಗೊಂದು ಕುರ್ಚಿ ಬೇರೆ. ಜನ ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು.

"ನಾ ಗಣಿ ಕಡೆ ಹೊಕ್ಕೀನಿ" ಎಂದ ಯಮನಪ್ಪ. "ಅಲ್ಲಿ ಬನ್ನಿಗಿಡ ಚಿಗುರೇತಿ. ನಾಳಿಗೆ ಬಂಗಾರ ಹಂಚಾಕ ಬೇಕಲ್ಲ."

"ಪ್ಯಾಟ್ಯಾಗ ಸಿಗ್ತಾವಲ್ರಿ. ಗಣಿಯಾಗ ಕಟ್ಟಿ ಇಲ್ಲ ಏನಿಲ್ಲ."

"ನಾಕು ವರ್ಷದಾಗ ಒಮ್ಮೆರ ನಿನ್ನ ಯಂತ್ರ ಕೈ ಕೊಟ್ಟೇತೇನು?"

ಬನ್ನಿ ಒಂದು ನೆಪ ಎಂಬುದು ಅವಳಿಗೆ ಗೊತ್ತಿತ್ತು. ಕಲ್ಲು ಉರುಳಿದ ದಿನ ಇವನನ್ನು ಜೋಳದ ಚೀಲದಂತೆ ಹೊತ್ತು ಹಾಕಿದ್ದ ಹಳೆಯ ಜೊತೆಗಾರರೆಲ್ಲ ಇವತ್ತು ಕ್ರೇನಿಗೆ ಪೂಜೆ ಮಾಡಲು ಅಲ್ಲಿ ಸೇರುತ್ತಾರೆ. ಅವರ ಕಣ್ಣೆದುರು ಸರ್ರೆಂದು ಒಂದು ಸುತ್ತು ಹಾಕಿ ಬರಬೇಕು, ಅಷ್ಟೇ ಅವನ ಆಸೆ. ಹೋಗಿ ಬರಲಿ ಬಿಡು ಅಂದುಕೊಂಡು ತಾನು ಕೇಂದ್ರಕ್ಕೆ ನಡೆದಳು.

ಕೇಂದ್ರದಲ್ಲಿ ಪ್ರತಿವರ್ಷ ಪೂಜೆ ತಂಪು ಕೋಣೆಯ ಬಾಗಿಲಿಗೇ ಮುಗಿಯುತ್ತಿತ್ತು. ಈ ವರ್ಷ ವ್ಯವಸ್ಥಾಪಕ ಪಟ್ಟಣಶೆಟ್ಟರು ಒಪ್ಪಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಒಂದು ಮಾತು ತಲೆಗೆ ಹೊಕ್ಕರೆ ಮುಗಿಯಿತು. "ಇಷ್ಟು ಮಂದೀನ ನಡಸೋ ಯಂತ್ರಕ್ಕ ಬಾಗಲದಾಗ ನಿಂತು ಕೈ ಮುಗದ್ರ ಹೆಂಗ? ಎರಡನೇ ಯಂತ್ರ ಬ್ಯಾರೆ ಜಡ್ಡಿಗೆ ಬಿದ್ದೈತಿ. ಒಳಗ ಮಾಡೂಣು."

ಎರಡನೆಯ ಯಂತ್ರದ ಮಾತು ನಿಜ. ಮೊದಲನೆಯದರ ನಕಲನ್ನು ಇಟ್ಟುಕೊಳ್ಳಬೇಕಾದ ಅದರ ಡಿಸ್ಕಿನ ಮೇಲೆ ಎಂಟು ದಿನದಿಂದ ಕಿತ್ತಳೆ ದೀಪ ಹತ್ತಿ ಕೂತಿತ್ತು. ಹೊಸ ಡಿಸ್ಕು ಹಬ್ಬ ಮುಗಿದ ಮೇಲೆ ಬರುವುದಿತ್ತು, ಅಲ್ಲಿಯವರೆಗೆ ನಕಲಿಲ್ಲ.

ದುರಗವ್ವ ಆದಷ್ಟು ಕಟ್ಟುನಿಟ್ಟು ಮಾಡಿದಳು. ಕಾಯಿ ಹೊರಗೆ ಒಡೆಯಬೇಕು, ನೀರು ಒಳಗೆ ಬರಬಾರದು. ಕರ್ಪೂರ ಹೊರಗೆ, ಹೊಗೆಗೆ ಗಂಟೆ ಬಡಿದುಕೊಳ್ಳುತ್ತದೆ. ಹೂವಿನ ಮಾಲೆ ಗಾಳಿಕಿಂಡಿಗೆ ಅಡ್ಡ ಬರಬಾರದು. ಪೂಜೆ ಮಾಡಲು ಬಂದ ಅಯ್ಯನವರು ಪಾಪ, ಎಲ್ಲದಕ್ಕೂ "ಆತು ತಂಗಿ" ಎಂದರು. ನೀರು, ಬೆಂಕಿ, ಹೂವು ಎಲ್ಲವನ್ನೂ ನೆನೆದ ದುರಗವ್ವ, ಒಂದು ಹೆಬ್ಬೆರಳನ್ನು ಮರೆತಳು.

ಅಯ್ಯನವರು ಯಂತ್ರದ ಮುಖದ ಮೇಲೆ ಮೂರು ಬೆರಳಿನ ವಿಭೂತಿ ಎಳೆದರು. ಇನ್ನು ಕುಂಕುಮ. ಹಣೆ ಎಲ್ಲಿ ಎಂದು ಹುಡುಕಿದರು. ನಟ್ಟನಡುವೆ ದುಂಡಗೆ, ಕುಂಕುಮಕ್ಕೆಂದೇ ಮಾಡಿಟ್ಟಂತೆ ಒಂದು ಗುಂಡಿ ಕಂಡಿತು. ಹೆಬ್ಬೆರಳಿಗೆ ಕುಂಕುಮ ಹಚ್ಚಿಕೊಂಡು, ಭಕ್ತಿಯಿಂದ ಒಮ್ಮೆ ಒತ್ತಿ ಬಿಟ್ಟರು.

ಹಸಿರು ದೀಪ ಪಟಪಟ ಮಿಟುಕತೊಡಗಿತು.

"ನೋಡ್ರಿ ನೋಡ್ರಿ, ಪೂಜಿ ಮುಟ್ಟಿತು!" ಎಂದು ಪಟ್ಟಣಶೆಟ್ಟರು ಕೈ ಮುಗಿದರು. ಹಿಂದೆ ನಿಂತಿದ್ದ ನರ್ಸುಗಳೂ ಮುಗಿದರು. ದುರಗವ್ವ ಗೋಡೆಯ ಹಲಗೆಯತ್ತ ತಿರುಗಿದಳು. ಅಲ್ಲಿ ಒಂದೊಂದು ಬೆಲ್ಟಿಗೆ ಒಂದೊಂದರಂತೆ ಇನ್ನೂರ ಹದಿನಾಲ್ಕು ಪುಟ್ಟ ದೀಪಗಳಿದ್ದವು. ಬೆಲ್ಟಿನವರು ಎದ್ದು ನಿಂತಿದ್ದರೆ ಅವರ ದೀಪ ಮಿಟುಕುತ್ತದೆ, ಕೂತರೆ ಗಟ್ಟಿ ನಿಲ್ಲುತ್ತದೆ, ನಡಿಗೆ ಗಂಟು ಕಟ್ಟಿ ಆದರೆ ಆರುತ್ತದೆ. ಹಬ್ಬದ ಬೆಳಿಗ್ಗೆ, ಅರ್ಧ ಊರು ಬೀದಿಯಲ್ಲಿತ್ತು. ಹಲಗೆ ತುಂಬ ಮಿಟುಕೇ ಮಿಟುಕು.

ಅಷ್ಟರಲ್ಲಿ ಆಫೀಸಿನ ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದವು. ನರ್ಸು ಓಡಿ ಹೋಗಿ ಓಡಿ ಬಂದಳು. "ಸರ್, ಎಲ್ಲಾರ ಬೆಲ್ಟೂ ಕೂಗಾಕತ್ತಾವಂತ! ಬಸ್ ಸ್ಟ್ಯಾಂಡಿನ್ಯಾಗ ಆರು ಮಂದಿ ಕುಂತುಬಿಟ್ಟಾರಂತ!"

ಅಯ್ಯನವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು.

"ಬಂದ್ ಆಗೇತಿ ಇದು. ಹಿಡಿದು ಒತ್ತಿದ್ರ ಮತ್ತ ಚಾಲೂ ಆಕ್ಕೇತಿ" ಎಂದು ಪಟ್ಟಣಶೆಟ್ಟರು ಕೈ ಚಾಚಿದರು. "ನಮ್ಮ ಮನ್ಯಾಗ ಟೀವಿಗೂ ಹಂಗ ಮಾಡ್ತೀನಿ."

ದುರಗವ್ವ ಅವರ ಮಣಿಕಟ್ಟು ಹಿಡಿದಳು. ಕಸಗುಡಿಸುವ ಕೆಲಸದಿಂದ ಮೇಲೆ ಬಂದ ಹೆಂಗಸು ಸಾಹೇಬರ ಕೈ ಹಿಡಿಯುವುದೆಂದರೆ ಸಣ್ಣ ಮಾತಲ್ಲ.

"ಮುಟ್ಟಬ್ಯಾಡ್ರಿ ಸಾಹೇಬ್ರ."

"ಏ, ಬಿಡು ಕೈ. ಮಂದಿ ರಸ್ತೆದಾಗ ಬಿದ್ದಾರ!"

"ಬಿದ್ದಿಲ್ರಿ, ಕುಂತಾರ. ಹಸಿರು ಪಟಪಟ ಮಿಟುಕಾಕತ್ತೇತಿ, ನೋಡ್ರಿ. ಅಂದ್ರ ಯಂತ್ರ ಸತ್ತಿಲ್ಲ, ಗಂಟು ಕಟ್ಟಾಕತ್ತೇತಿ. ಒಬ್ಬೊಬ್ಬರ ನಡಿಗಿ ಬಿಚ್ಚಿಟ್ಟೇತಿ ಈಗ. ನೀವು ನಾಕು ಎಣಿಸೂತನಾ ಹಿಡಿದ್ರ ಎಲ್ಲಾರದೂ ಹೋತು." ಅವಳ ಕೈ ಸಡಿಲಲಿಲ್ಲ. ಇನ್ನೊಂದು ಕೈಯಿಂದ ತಸ್ಲೀಮಾಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು.

ತಸ್ಲೀಮಾ ಎರಡೇ ಪ್ರಶ್ನೆ ಕೇಳಿದಳು. ಒತ್ತಿದ್ದು ಒಮ್ಮೆಯೋ, ಹಿಡಿದೋ? ದೀಪ ಪಟಪಟವೋ, ಸಾವಕಾಶವೋ?

"ಹಂಗಾರ ಯಾರೂ ಏನೂ ಮಾಡಬ್ಯಾಡ್ರಿ" ಎಂದಳು. "ನಿಂತವರ ನಡಿಗಿ ಗಂಟು ಕಟ್ಟಾಕ ಬರೂದಿಲ್ಲ. ಅರ್ಧ ಎತ್ತಿದ ಕಾಲು ಹಂಗ ಕಟ್ಟಿಟ್ರ ಮುಂದ ಅರ್ಧಾ ಕಾಲ ಸಿಗ್ತೈತಿ. ಅದಕ್ಕ ಯಂತ್ರ ಒಬ್ಬೊಬ್ಬರೂ ಕುಂದ್ರೂದನ್ನ ಕಾಯ್ತೈತಿ. ಎಲ್ಲಾರೂ ಕುಂತ್ರ ಲಗೂನ ಮುಗೀತೈತಿ. ಇಲ್ಲಾಂದ್ರ ಹದಿನೈದು ನಿಮಿಷ ಕಾಯ್ದು, ಸಿಕ್ಕಷ್ಟು ಕಟ್ಟಿ ಬಾಗಲಾ ಹಾಕ್ಕೋತೈತಿ. ಉಳಿದವರದು ಹೋದಂಗ."

ಪಟ್ಟಣಶೆಟ್ಟರು ಕೈ ಹಿಂದೆ ತೆಗೆದುಕೊಂಡರು. ಎಲ್ಲರೂ ಹಲಗೆ ನೋಡುತ್ತ ನಿಂತರು. ನೂರರ ಕಟ್ಟೆಗಳು ಅವತ್ತು ಸಾರ್ಥಕವಾದವು. ಬಜಾರಿನ ದೀಪಗಳು ಗಟ್ಟಿ ನಿಂತು ಆರಿದವು, ಬಸ್ ನಿಲ್ದಾಣದವು ಆರಿದವು, ಓಣಿಗಳವು ನಾಲ್ಕು ನಾಲ್ಕಾಗಿ ಆರಿದವು. ಏಳು ನಿಮಿಷಕ್ಕೆ ಹನ್ನೊಂದು ಉಳಿದವು. ಒಂಬತ್ತಕ್ಕೆ ಮೂರು. ಹತ್ತಕ್ಕೆ ಒಂದೇ ಒಂದು ಉಳಿಯಿತು.

"ಯಾರದು ಅದು? ಯಾರು ಆ ಪುಣ್ಯಾತ್ಮ?" ಪಟ್ಟಣಶೆಟ್ಟರು ಕೇಳಿದರು.

"ಎಂಬತ್ತೇಳು." ಎಂದಳು ದುರಗವ್ವ. "ನಮ್ಮ ಮನಿಯವರು."

ಅವಳು ನರ್ಸಿನ ಫೋನು ಇಸಿದುಕೊಂಡು ಗಂಡನಿಗೆ ಹಚ್ಚಿದಳು. ಅತ್ತ ಗಾಳಿಯ ಸದ್ದು, ದೂರದಲ್ಲಿ ಡೊಳ್ಳಿನ ಸದ್ದು.

"ದುರಗೀ, ಏನ್ ಮಾಡಿದಿ ಯಂತ್ರಕ್ಕ? ಬೆಲ್ಟ ಬಾಯಿ ಬಡ್ಕೊಳ್ಳಾಕತ್ತೇತಿ."

"ಎಲ್ಲಿ ಅದೀರಿ?"

"ಗಣಿಯಾಗ, ಬನ್ನಿಗಿಡದ ಕೆಳಗ. ಎಪ್ಪತ್ತು ಹೆಜ್ಜಿ ಆದ್ವು. ಮೂವತ್ತು ಉಳದಾವು. ರಸ್ತೆ ಮುಟ್ಟಾಕ ಸಾಲೂದಿಲ್ಲ. ಅದಕ್ಕ ಟೊಂಗಿ ಹಿಡಕೊಂಡು ನಿಂತೀನಿ. ನಿಂತ್ರ ಹೆಜ್ಜಿ ಖರ್ಚಾಗೂದಿಲ್ಲಲ್ಲ. ನೀವು ಚಾಲೂ ಮಾಡ್ರಿ, ಬರ್ತೀನಿ."

ನೋಡಿ, ಅವನದೂ ಒಂದು ಬುದ್ಧಿವಂತಿಕೆಯೇ. ಯಂತ್ರ ತನಗಾಗಿ ಕಾಯುತ್ತಿದೆ ಎಂಬುದೊಂದು ಬಿಟ್ಟು ಎಲ್ಲ ಲೆಕ್ಕ ಸರಿ ಹಾಕಿದ್ದ.

"ಯಂತ್ರ ನಿಮ್ಮ ಸಲುವಾಗಿ ನಿಂತೈತ್ರಿ. ನಿಂತವರು ಅಂದ್ರ ನಡದವರು ಅಂತ ಅದರ ಲೆಕ್ಕ. ಊರೆಲ್ಲಾ ಕುಂತೈತಿ, ನೀವೊಬ್ಬರ ನಿಂತೀರಿ. ಇನ್ನ ನಾಕು ನಿಮಿಷ ಐತಿ. ಕುಂದರ್ರಿ."

"ಎಲ್ಲಿ ಕುಂದರ್ಲಿ? ಕಟ್ಟಿ ಇಲ್ಲಿಲ್ಲ."

"ನೆಲದ ಮ್ಯಾಲ."

ಡೊಳ್ಳಿನ ಸದ್ದಷ್ಟೇ ಕೇಳಿಸಿತು.

"ಇಲ್ಲೆ ಎಲ್ಲಾರೂ ನೋಡಾಕತ್ತಾರ" ಎಂದ ಯಮನಪ್ಪ ತಗ್ಗಿದ ದನಿಯಲ್ಲಿ. "ನಾ ಬಿದ್ದದ್ದು ಇದ ಜಾಗಾದಾಗ. ಮತ್ತ ಇಲ್ಲೇ ನೆಲಾ ಹಿಡೀಲೇನು? ನನ್ನಿಂದ ಆಗೂದಿಲ್ಲ ದುರಗೀ. ನಡಿಗಿ ಹೋದ್ರ ಹೋಗ್ಲಿ."

ದುರಗವ್ವನಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅಳುವೂ ಬಂತು. ಸಾಹೇಬರು, ಅಯ್ಯನವರು, ನರ್ಸುಗಳು ಎಲ್ಲ ಕೇಳುತ್ತಿದ್ದಾರೆ ಎಂಬುದು ಅವಳಿಗೆ ಮರೆತೇ ಹೋಯಿತು.

"ಹೋಗ್ಲಿ ಅಂದ್ರ? ನಿಮ್ಮೊಬ್ಬರದೇನು ಅದು? ನೀವು ಎರಡು ವರ್ಷ ನೆಲದ ಮ್ಯಾಲಿದ್ರಲ್ಲ, ಅವಾಗ ನಾ ಎಲ್ಲಿ ಕುಂತಿದ್ದೆ? ಕುರ್ಚಿ ಹಾಕ್ಕೊಂಡು ಕುಂತಿದ್ನೇನು? ನಿಮ್ಮ ಮಗ್ಗಲಿಗೆ ಅದ ನೆಲದ ಮ್ಯಾಲ ಕುಂತಿದ್ದೆ. ನೀವು ಎದ್ರಿ, ಬಾಳ ಚಲೋ ಆತು. ನಾ ಇನ್ನೂ ಅಲ್ಲೇ ಅದೀನಲ್ರಿ! ನಾಕು ವರ್ಷಾತು ನಾ ನಿಮ್ಮ ಮಾರಿ ನೋಡಿ ಉಂಡಿಲ್ಲ, ಮೊಣಕಾಲು ನೋಡಿ ಉಂಡೀನಿ. ನೆಲಾ ಅಂದ್ರ ಅಷ್ಟು ಹೇಸಿಗಿ ಆದ್ರ, ನಾನೂ ಹೇಸಿಗೀನ ಅಲ್ಲೇನು ನಿಮಗ?"

ಹಲಗೆಯ ಮೇಲೆ ಎಂಬತ್ತೇಳು ಮಿಟುಕುತ್ತಲೇ ಇತ್ತು.

"ಈಗ ನಾನೂ ಕುಂದ್ರತೀನಿ. ಕೇಳ್ರಿ" ಎಂದು ದುರಗವ್ವ ಯಂತ್ರದ ಮುಂದೆ ತಣ್ಣನೆಯ ನೆಲದ ಮೇಲೆ ಕೂತಳು. ಕೂಡುವಾಗ ನೋಯುವ ಎಡಮೊಣಕಾಲು ಲಟಕ್ಕೆಂದಿತು, ಬಳೆಗಳು ನೆಲಕ್ಕೆ ತಾಗಿ ಸದ್ದು ಮಾಡಿದವು. "ಕುಂತೆ ನೋಡ್ರಿ. ಇನ್ನ ನಿಮ್ಮ ಖುಷಿ."

ಗಾಳಿಯ ಸದ್ದು. ಎಲೆಗಳು ಅಲುಗಿದ ಸದ್ದು. ಟೊಂಗೆ ಬಿಟ್ಟಾಗ ಅದು ಮೇಲಕ್ಕೆ ಚಿಮ್ಮುತ್ತದಲ್ಲ, ಆ ಸದ್ದು. ಆಮೇಲೆ ಯಮನಪ್ಪ ನರಳಿದ. "ಥೂ, ಕಲ್ಲು ಕಾದೈತಿ" ಎಂದ.

ಎಂಬತ್ತೇಳನೆಯ ದೀಪ ಗಟ್ಟಿ ನಿಂತಿತು. ದೀಪ ಆರಿತು. ಯಂತ್ರದ ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು. ಪಟಪಟ ಎನ್ನುತ್ತಿದ್ದ ಹಸಿರು ಸಾವಕಾಶ ಮಿಟುಕತೊಡಗಿತು.

"ಮಲಗಿತು" ಎಂದು ದುರಗವ್ವ ತನ್ನ ಫೋನಿನಲ್ಲಿ ತಸ್ಲೀಮಾಗೆ ತಿಳಿಸಿದಳು. "ಎಲ್ಲಾರದೂ ಗಂಟು ಕಟ್ಟಾತು."

"ಹಂಗಾರ ಎಬ್ಬಸಕ್ಕಾ. ಒಮ್ಮೆ. ಒತ್ತು, ಬಿಡು."

ಅವಳು ಕೂತಲ್ಲಿಂದಲೇ ಕೈ ಎತ್ತಿ ಸೆರಗಿನಿಂದ ಗುಂಡಿಯ ಕುಂಕುಮ ಒರೆಸಿದಳು. ಸಾವಕಾಶ ಮಿಟುಕುವಾಗ ಒರೆಸಿದರೆ ದೋಷವಿಲ್ಲ. ಒಮ್ಮೆ ಒತ್ತಿದಳು, ಬಿಟ್ಟಳು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂಬತ್ತು ನಿಮಿಷದ ಮೇಲೆ ಹಸಿರು ಗಟ್ಟಿ ನಿಂತಿತು. ಹಲಗೆಯ ಮೇಲೆ ಒಂದೊಂದೇ ದೀಪ ಹತ್ತಿತು, ಹತ್ತಿದವು ಮಿಟುಕಿದವು. ಊರು ಎದ್ದು ನಿಂತಿತ್ತು. ಪಟ್ಟಣಶೆಟ್ಟರು ಬಂದು ದುರಗವ್ವನಿಗೆ ಏಳಲು ಕೈ ಕೊಟ್ಟರು. "ನಿನ್ನ ಮಾತು ಕೇಳಿದ್ದು ಚಲೋ ಆತವಾ" ಎಂದರು. ಅಯ್ಯನವರು ಆಗಲೇ ಪೂಜೆಯ ಸಾಮಾನು ಕಟ್ಟಿಕೊಂಡು ಹೊರಟು, ಬಾಗಿಲಲ್ಲಿ ತಿರುಗಿ ಯಂತ್ರಕ್ಕೆ ದೂರದಿಂದಲೇ ಕೈ ಮುಗಿದರು.

ಅಂದು ಸಂಜೆ ದುರಗವ್ವ ಮನೆಯ ಸಕ್ಕರೆ ಡಬ್ಬಿಯ ಮುಚ್ಚಳ ತಂದು ಗುಂಡಿಯ ಮೇಲೆ ಕೂರಿಸಿದಳು. ತಸ್ಲೀಮಾ ಇನ್ನೂ ಒಳ್ಳೆಯ ಮುಚ್ಚಳ ಕಳಿಸುತ್ತೇನೆ ಎಂದಿದ್ದಾಳೆ. ಇದು ಬರೆಯುವವರೆಗೆ ಬಂದಿಲ್ಲ.

ಮರುದಿನ ದಸರಾ. ಸಂಜೆ ಗಂಡ ಹೆಂಡತಿ ಬನ್ನಿ ಹಂಚಲು ಹೊರಟರು. ಗಣಿಯ ವಿಷಯವನ್ನು ಇಬ್ಬರೂ ಎತ್ತಿರಲಿಲ್ಲ. ಎದುರು ಬಂದವರ ಕೈಗೆ ಎಲೆ ಕೊಟ್ಟು, "ನಾವು ನೀವು ಬಂಗಾರದಂಗ ಇರೂಣು" ಎನ್ನುವುದು, ಮುಂದೆ ಹೋಗುವುದು. ಯಮನಪ್ಪನ ಬಲಗಾಲು ಸರ್ರೆಂದು ಎಳೆಯುತ್ತಿತ್ತು. ದುರಗವ್ವ ಆ ಸದ್ದನ್ನು ಎರಡು ಸಲ ಹಿಂದೆ ಬಿದ್ದು ಕೇಳಿದಳು. ಅದೇ ಸದ್ದು, ಒಂದಿಷ್ಟೂ ವ್ಯತ್ಯಾಸವಿಲ್ಲ.

ಎರಡು ಕಟ್ಟೆಗಳ ನಟ್ಟನಡುವೆ, ಬೇವಿನ ಮರದ ಹತ್ತಿರ ಬಂದಾಗ ಅವಳ ಮೊಣಕಾಲು ಹಿಡಿಯಿತು. ಅವಳು ಹೇಳಲಿಲ್ಲ, ಸುಮ್ಮನೆ ಸಾವಕಾಶವಾದಳು. ಯಮನಪ್ಪ ನಿಂತ. ಮರದ ಬೊಡ್ಡೆಗೆ ಕೈಯೂರಿ, ಒಂದು ಕಾಲು ಮಡಿಸಿ, ಇನ್ನೊಂದು ಮಡಿಸಿ, ಧೂಳಿನ ನೆಲದ ಮೇಲೆ ಕೂತುಬಿಟ್ಟ.

ದುರಗವ್ವನ ಕೈಯಿಂದ ಬನ್ನಿ ಜಾರಿತು. ಬಗ್ಗಿ ಅವನ ಸೊಂಟ ನೋಡಿದಳು. ಬೆಲ್ಟಿನ ಹಸಿರು ಗಟ್ಟಿ ನಿಂತಿತ್ತು.

"ಏನಾತ್ರಿ? ಬೆಲ್ಟ ಕೂಗಿತೇನು?"

"ಕೂಗಿಲ್ಲ" ಎಂದ ಯಮನಪ್ಪ, ಪಕ್ಕದ ನೆಲವನ್ನು ಅಂಗೈಯಿಂದ ಒರೆಸುತ್ತ. "ನಿನ್ನ ಕಾಲು ನೋಯಾಕತ್ತೇತಲ್ಲ. ಬಾ, ಕುಂದ್ರು."